ನಾಗಲಿಂಗಯ್ಯನ ಸೆಕೆಂಡ್ ಹ್ಯಾಂಡ್ ದುರ್ಬೀನು

ನಾಗಲಿಂಗಯ್ಯ ರೈಫಲ್ ಕೊಳ್ಳುತ್ತಾನಂತೆ ಎಂಬ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಯಾಕೆ ಕೊಳ್ಳುತ್ತಾನೆ ಎಂಬುದು ಮಾತ್ರ ತನಗೊಬ್ಬನಿಗೇ ಗೊತ್ತು ಎಂದು ಅವನು ನಂಬಿಕೊಂಡಿದ್ದ.

ಕೇಳಿದವರಿಗೆ ಅವನು ಹಂದಿಯ ಮೇಲೆ ಹಾಕಿ ಹೇಳುತ್ತಿದ್ದ. ಅದೇನೂ ಸುಳ್ಳಲ್ಲ. ಬರಗೂರಿನಿಂದಾಚೆ ಗುಡ್ಡದ ಬುಡಕ್ಕೆ ಅಂಟಿಕೊಂಡಿರುವ ಆ ಊರಿನಲ್ಲಿ ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಮನುಷ್ಯರಿಗಿಂತ ಮೊದಲೇ ಹೊಲಕ್ಕೆ ಹಾಜರಾಗುತ್ತವೆ. ಸಾಲು ಹಿಡಿದು ಮೂತಿ ಹಾಕಿದವೆಂದರೆ ಬೆಳಗಾಗುವುದರೊಳಗೆ ನೇಗಿಲು ಹೊಡೆದ ಹಾಗೆ ಮಾಡಿಟ್ಟು ಹೋಗುತ್ತವೆ. ಅವುಗಳ ಎದುರಿಗೆ ಊರಲ್ಲಿದ್ದದ್ದು ಒಂದೇ ಕೋವಿ. ನಾಗಲಿಂಗಯ್ಯನ ಅಪ್ಪ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಮಾಡಿಸಿ ತಂದಿದ್ದದ್ದು. ಬಾಯಿಂದ ಮದ್ದು, ಚರೆ ಸುರಿದು, ಗಜದಲ್ಲಿ ಜಡಿದು, ಹಿಂದೆ ತಾಮ್ರದ ಕೇಪು ಸಿಕ್ಕಿಸಿ ಹೊಡೆಯುವ ಒಂಟಿ ನಳಿಗೆಯದು. ಅಪ್ಪ ಹೋದ ಮೇಲೆ ಅದು ಮಗನ ಹೆಸರಿಗೆ ಬಂದಿತ್ತು.

ಕೋವಿಯ ಜೊತೆಗೆ ಎರಡು ಪದ್ಧತಿಗಳೂ ಬಂದಿದ್ದವು. ಕಾಯಿ ಕಿತ್ತ ದಿನ ಪ್ರತಿ ಹೊಲದವರೂ ಒಂದು ಮೊರ ಕಾಯಿ ತಂದು ಕೋವಿ ಮನೆಯ ಜಗಲಿಗೆ ಸುರಿಯುವುದು ಮೊದಲನೆಯದು. ಎರಡನೆಯದು ಕೂಗು. ಅಟ್ಟಣೆಯ ಮೇಲೆ ಕೂತವನು ಕೋವಿಯನ್ನು ಭುಜಕ್ಕೇರಿಸುವ ಮೊದಲು "ಹೊಲ್ದಾಗೆ ಯಾರ್ರೋ" ಎಂದು ಕೂಗಬೇಕು. ಹೊಲದಲ್ಲಿದ್ದವರು ಕೂತಿದ್ದರೂ ಬಗ್ಗಿದ್ದರೂ ತಮ್ಮ ಹೆಸರು ಹೇಳಿ ಓಗೊಡಬೇಕು. ಓಗೊಡದೆ ಅಲ್ಲಾಡುವುದು ಹಂದಿ ಎಂದು ಲೆಕ್ಕ. ಕೂಗಿಗೆ ಹೆದರಿ ಹಂದಿ ಓಡಿದರೆ ಇನ್ನೂ ಒಳ್ಳೆಯದೇ, ಓಡಿಸುವುದಕ್ಕೇ ಅಲ್ಲವೆ ಸರ್ಕಾರ ಕೋವಿ ಕೊಟ್ಟಿರುವುದು, ಎನ್ನುತ್ತಿದ್ದ ಅಪ್ಪ. ಕೂಗದೆ ಕೋವಿ ಎತ್ತುವವನು ಅದನ್ನು ಮುಟ್ಟಲೇ ಬಾರದು ಎಂದೂ ಹೇಳುತ್ತಿದ್ದ.

ಇನ್ನು ನಿಜವಾದ ಕಾರಣ. ನಾಗಲಿಂಗಯ್ಯನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು, ಬಲಗಣ್ಣಿಗೆ ಹೆಚ್ಚಾಗಿ. ಬೆಳಗಿನ ಹೊತ್ತು ಹೇಗೋ ನಡೆಯುತ್ತಿತ್ತು. ಹೊತ್ತು ಇಳಿದರೆ ಗಿಡ, ಬಂಡೆ, ಕುರಿ, ಮನುಷ್ಯ ಎಲ್ಲವೂ ಒಂದೇ ಬಣ್ಣದ ಗುಪ್ಪೆಗಳಾಗುತ್ತಿದ್ದವು. ಹೋದ ವರ್ಷದ ಸುಗ್ಗಿಯಲ್ಲಿ ಒಂದು ಸಂಜೆ ಪಕ್ಕದ ಹೊಲದ ಲಕ್ಕಮ್ಮನ ಬದುವಿನಲ್ಲಿ ಕಪ್ಪಗೆ ಏನೋ ಕೂತಿತ್ತು. ಕೂಗಿದ. ಉತ್ತರ ಬರಲಿಲ್ಲ. ಹೊಡೆದ. ಬೆಳಿಗ್ಗೆ ಹೋಗಿ ನೋಡಿದರೆ ಲಕ್ಕಮ್ಮ ಔಷಧಿ ಕಲಸಲು ನೀರು ತುಂಬಿಡುತ್ತಿದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮು ಜರಡಿಯಾಗಿತ್ತು. ಗಂಡ ಇಲ್ಲದ, ಒಂಟಿಯಾಗಿ ಹೊಲ ಮಾಡುವ ಹೆಂಗಸು. ಅವಳು ಡ್ರಮ್ಮನ್ನು ತಿರುಗಿಸಿ ತಿರುಗಿಸಿ ನೋಡಿ, "ಬಿಸ್ಲಿಗೆ ಹಾಳಾಗೋಯ್ತು ಬುಡಪ್ಪ, ಹಳೇದು" ಎಂದಳು. ನಾಗಲಿಂಗಯ್ಯ ಬದುಕಿದೆಯಾ ಬಡಜೀವವೇ ಎಂದುಕೊಂಡು ಮನೆಗೆ ಬಂದ. ಡ್ರಮ್ಮಿನ ಜಾಗದಲ್ಲಿ ಲಕ್ಕಮ್ಮನೇ ಕೂತಿದ್ದರೆ ಎಂಬ ಯೋಚನೆ ಅವತ್ತು ಹೊಕ್ಕಿದ್ದು, ಆಮೇಲೆ ಹೊರಗೆ ಹೋಗಲೇ ಇಲ್ಲ.

ಅಷ್ಟು ಭಯವಿದ್ದವನು ಕೋವಿಯನ್ನು ಬಿಟ್ಟುಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸುಲಭವಾಗಿ ಕೇಳಬಹುದು. ಒಬ್ಬೊಬ್ಬ ಮನುಷ್ಯನ ಮರ್ಯಾದೆ ಒಂದೊಂದು ಕಡೆ ಅಡಗಿ ಕೂತಿರುತ್ತದೆ. ನಾಗಲಿಂಗಯ್ಯನದು ಆ ಹಳೇ ನಳಿಗೆಯಲ್ಲಿತ್ತು. ಕೋವಿ ಇಲ್ಲದಿದ್ದರೆ ಅವನೊಬ್ಬ ಮೊಣಕಾಲು ನೋವಿನ ಸಾಮಾನ್ಯ ರೈತ. ಜಗಲಿಗೆ ಬರುವ ಮೊರದ ಕಾಯಿ, ಕೋವಿಯ ಹಿಂದೆಯೇ, ಅಣ್ಣನ ಮಗ ಗೌರೀಶನ ಮನೆಗೆ ಹೋಗುತ್ತದೆ. ಸಭೆಯಲ್ಲಿ ಕುರ್ಚಿ ಎಳೆದು ಕೊಡುವವರು ಗೌರೀಶನಿಗೆ ಕೊಡುತ್ತಾರೆ. ಕಣ್ಣಿನ ಕ್ಯಾಂಪಿನ ಆಟೋ ಊರಿಗೆ ಬಂದು ಮೈಕಿನಲ್ಲಿ ಕರೆದಾಗ ಅವನು ಹಿತ್ತಿಲಿಗೆ ಹೋಗಿ, ಇಲ್ಲದ ಕಳೆ ಕೀಳುತ್ತಾ ಕೂತ. ಕ್ಯಾಂಪಿಗೆ ಹೋದರೆ ಸಂಜೆಯೊಳಗೆ ಊರಿಗೆ ಗೊತ್ತು.

ಈ ಗೌರೀಶನೇ ಒಂದು ದಿನ ದಾರಿ ತೋರಿಸಿದ, ಅವನಿಗೇ ಗೊತ್ತಿಲ್ಲದೆ. ಮಧುಗಿರಿಯ ಟ್ರ್ಯಾಕ್ಟರ್ ಷೋರೂಮಿನಲ್ಲಿ ಕೆಲಸ ಮಾಡುವ ಹುಡುಗ, ಮಾತು ಸ್ವಲ್ಪ ಜಾಸ್ತಿ, ಮನಸ್ಸು ಕೆಟ್ಟದ್ದಲ್ಲ. ಫೋನಿನಲ್ಲಿ ಒಂದು ವಿಡಿಯೋ ಹಾಕಿ ಚಿಕ್ಕಪ್ಪನ ಮೂಗಿನ ಹತ್ತಿರ ಹಿಡಿದ. ಯಾರೋ ಬಿಳಿಯನೊಬ್ಬ ರೈಫಲ್ ಹಿಡಿದು ಮಲಗಿದ್ದ. ಮೇಲೆ ಒಂದು ಕೊಳವೆ. ಕೊಳವೆಯೊಳಗೆ ದೂರದ ಜಿಂಕೆ ಅಂಗೈಯಷ್ಟು ಹತ್ತಿರ.

"ಈಗ ಎಲ್ಲಾ ಸ್ಕೋಪ್ ಮೇಲೆ ಚಿಕ್ಕಪ್ಪ. ಮೂರರಿಂದ ಒಂಬತ್ತು ಪಟ್ಟು ಹತ್ರ ತರ್ತೈತೆ. ಗುಡ್ಡದ ಮ್ಯಾಗಿನ ಕೋತಿ ಹಲ್ಲು ಕಿರಿದ್ರೆ ಇಲ್ಲಿಂದ ಎಣಿಸ್ಬೌದು."

ನಾಗಲಿಂಗಯ್ಯನ ತಲೆಯಲ್ಲಿ ದೀಪ ಹೊತ್ತಿತು. ಕಾಣದೆ ಇರುವುದು ದೂರ ಇರುವುದರಿಂದ. ಹತ್ತಿರ ಬಂದರೆ ಕಾಣುತ್ತದೆ. ಕಂಡರೆ ತಪ್ಪಾಗುವುದಿಲ್ಲ. ಕಣ್ಣಿನ ಡಾಕ್ಟರೂ ಬೇಡ, ಗೌರೀಶನೂ ಬೇಡ, ಲಕ್ಕಮ್ಮನಿಗೂ ಅಪಾಯವಿಲ್ಲ. ಇಷ್ಟು ನೇರವಾದ ಲೆಕ್ಕ ಇಷ್ಟು ದಿನ ಹೊಳೆಯಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡ. ಸ್ಕೋಪ್ ಕೂರಬೇಕಾದರೆ ರೈಫಲ್ ಬೇಕು. ಹಳೇ ಕೋವಿಯ ಬದಲು ರೈಫಲ್ ಇಟ್ಟುಕೊಳ್ಳಲು ಅಪ್ಪಣೆ ಕೊಡಬೇಕೆಂದು ಅರ್ಜಿ ಹಾಕಿದ. ಅಲ್ಲಿಂದ ಶುರುವಾಯಿತು ಗೊಂದಲ.

ಯಾವ ರೈಫಲ್ ಎಂದು ಕೇಳಲು ಪಾವಗಡದ ಕಡೆ ಹೋದ. ಅಲ್ಲಿ ಅವನ ಹೆಂಡತಿಯ ಅಣ್ಣ ರಂಗಯ್ಯ, ಮಿಲಿಟರಿಯಿಂದ ನಿವೃತ್ತನಾಗಿ ಬಂದವನು, ಮೀಸೆಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದ.

"ಟ್ವೆಂಟಿಟೂ ಅಂಟೆ ಪಿಟ್ಟಲ ತುಪಾಕಿ ಬಾವಾ," ಎಂದ ರಂಗಯ್ಯ ಅರ್ಧ ತೆಲುಗಿನಲ್ಲಿ, ಆ ಸಣ್ಣ ಗುಂಡಿನ ರೈಫಲ್ಲು ಹಕ್ಕಿ ಹೊಡೆಯುವ ಕೋವಿ ಎನ್ನುತ್ತಾ. "ಗುಬ್ಬಿಗೆ ಸರಿ. ಹಂದಿಗೆ ಹೊಡೆದ್ರೆ ಅದು ತಿರುಗಿ ನೋಡಿ ಏಮಿ ಸಮಾಚಾರಂ ಅಂತ ಕೇಳ್ತದೆ. ನೂವು ತ್ರೀ ಒನ್ ಫೈವ್ ತೀಸ್ಕೋ. ಒಂದೇ ಏಟು."

ನಾಗಲಿಂಗಯ್ಯ ತ್ರೀ ಒನ್ ಫೈವ್ ಎಂದು ಬಾಯಿಪಾಠ ಮಾಡುತ್ತಾ ಬಂದ. ಕೊರಟಗೆರೆಯಲ್ಲಿ ಟ್ವೆಂಟಿಟೂ ಇಟ್ಟುಕೊಂಡಿದ್ದ ಒಬ್ಬ ನಿವೃತ್ತ ಮೇಷ್ಟ್ರು ಅದನ್ನು ಕೇಳಿ ಹಣೆ ಚಚ್ಚಿಕೊಂಡರು. "ತ್ರೀ ಒನ್ ಫೈವ್ ಗುಂಡು ನಿಮ್ಮ ಹೊಲದಲ್ಲಿ ನಿಲ್ಲಲ್ಲ ಸ್ವಾಮಿ. ಹಂದೀನ ದಾಟಿ, ಬದು ದಾಟಿ, ಟಾರ್ ರೋಡ್ ದಾಟಿ ಹೋಗುತ್ತೆ. ಅಲ್ಲಿ ಯಾರ ಮನೆ ಇದೆಯೋ. ನಿಮ್ಮಂಥವರಿಗೆ ಹನ್ನೆರಡು ಬೋರಿನ ಚರೆ ಕೋವಿ ಸಾಕು. ಅದು ರೈಫಲ್ ಅಲ್ಲ ಅನ್ನೋದೊಂದು ಬಿಟ್ಟರೆ ಬೇರೆ ಕೊರತೆ ಇಲ್ಲ." ರೈಫಲ್ ಅಲ್ಲದ ಮೇಲೆ ಅದರ ಮೇಲೆ ಸ್ಕೋಪ್ ಕೂರುತ್ತದೆಯೇ ಎಂದು ನಾಗಲಿಂಗಯ್ಯ ಕೇಳಿದ. ಕೂರಿಸಬಹುದು, ಆದರೆ ಯಾಕೆ ಕೂರಿಸಬೇಕು ಎಂದು ಮೇಷ್ಟ್ರು ಕೇಳಿದರು. ಆ ಯಾಕೆಗೆ ಉತ್ತರ ಹೇಳುವ ಹಾಗಿರಲಿಲ್ಲ. ಅವನು ಯಾರನ್ನು ಕೇಳಿದರೂ ಇದೇ ಪಾಡಾಯಿತು. ಕೇಳಬೇಕಾದ ಪ್ರಶ್ನೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಬೇರೆ ಪ್ರಶ್ನೆ ಕೇಳುತ್ತಿದ್ದ. ಅವರು ಆ ಬೇರೆ ಪ್ರಶ್ನೆಗೆ ಚೆನ್ನಾಗಿಯೇ ಉತ್ತರ ಕೊಡುತ್ತಿದ್ದರು.

ಶುಕ್ರವಾರ ಹೆಂಡತಿ ರಾಜಲಕ್ಷ್ಮಮ್ಮ ಗೊರವನಹಳ್ಳಿಗೆ ಹೊರಡಿಸಿದಳು. ಮಹಾಲಕ್ಷ್ಮಿಯ ಮುಂದೆ ಕೈ ಮುಗಿದು ನಿಂತ ನಾಗಲಿಂಗಯ್ಯನಿಗೆ ಟ್ವೆಂಟಿಟೂ ಬೇಡಬೇಕೋ ತ್ರೀ ಒನ್ ಫೈವ್ ಬೇಡಬೇಕೋ ತಿಳಿಯಲಿಲ್ಲ. ಹಿಂದಿನವರು ತಳ್ಳಿದರು. ಬರೀ ಕುಂಕುಮ ಹಚ್ಚಿಕೊಂಡು ಹೊರಗೆ ಬಂದ.

"ಏನ್ ಕೇಳ್ಕಂಡ್ರಿ?" ಎಂದಳು ರಾಜಲಕ್ಷ್ಮಮ್ಮ.

"ಎಲ್ಲಾ ಒಳ್ಳೇದಾಗ್ಲಿ ಅಂತ."

"ನಾನು ಕಣ್ಣು ಕೊಡಮ್ಮ ಅಂತ ಕೇಳ್ಕಂಡೆ," ಎಂದಳು ಅವಳು. ಯಾರ ಕಣ್ಣು ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಅವಳಿಗೂ ಸೂಜಿಗೆ ದಾರ ಪೋಣಿಸಲು ಕಷ್ಟವಾಗುತ್ತಿತ್ತು, ಅದೇ ಇರಬೇಕು ಎಂದು ಸಮಾಧಾನ ಹೇಳಿಕೊಂಡ.

ರೈಫಲ್ಲಿನ ಅಪ್ಪಣೆ ಬರಲಿಲ್ಲ, ಹಂದಿಗಳು ಬಂದವು. ಕಾದು ಸಾಕಾದ ನಾಗಲಿಂಗಯ್ಯ, ರೈಫಲ್ ಆಮೇಲೆ ನೋಡೋಣ, ಮೊದಲು ದುರ್ಬೀನು ತರೋಣ ಎಂದು ಸಿರಾ ಬಸ್ ಹತ್ತಿದ. ಸ್ಕೋಪ್ ಎಂಬುದು ಅಷ್ಟರಲ್ಲಿ ಅವನ ಬಾಯಲ್ಲಿ ದುರ್ಬೀನು ಆಗಿತ್ತು.

ಸಿರಾದಲ್ಲಿ ಅಹಮದ್ ಷರೀಫ್ ಅವರದು ಗಡಿಯಾರ, ಕನ್ನಡಕ, ಹಳೇ ಕ್ಯಾಮೆರಾ ರಿಪೇರಿಯ ಅಂಗಡಿ. ಯಾವ ಯಾವುದೋ ಊರಿನ ಶೂಟಿಂಗ್ ಕ್ಲಬ್ಬಿನವರು ಬಿಟ್ಟ ಸೆಕೆಂಡ್ ಹ್ಯಾಂಡ್ ಸ್ಕೋಪುಗಳು ಅವರ ಗಾಜಿನ ಬೀರುವಿನಲ್ಲಿ ಸಾಲಾಗಿ ಮಲಗಿದ್ದವು. ಷರೀಫರು ಟೀ ತರಿಸಿದರು. ಹಳೇ ಮಾಲು ನೋಡಿ ತಗೋಬೇಕು ಎಂದು ಒಂದೊಂದಾಗಿ ತೋರಿಸಿದರು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು, ಒಳಗೆ ಸದ್ದು ಬಂದರೆ ಬೇಡ. ಗುಬುಟು ತಿರುಗಿಸಿದರೆ ಟಿಕ್ ಟಿಕ್ ಅನ್ನಬೇಕು. ಒಳಗಿನ ಅಡ್ಡಗೆರೆ ಉದ್ದಗೆರೆ ಮುರಿದಿರಬಾರದು. ಎಲ್ಲಕ್ಕಿಂತ ಮುಖ್ಯ, ಬೆಳಕಿಗೆ ಹಿಡಿದು ನೋಡಿದರೆ ಗಾಜಿನೊಳಗೆ ಬೂಷ್ಟು ಇರಬಾರದು.

ನಾಗಲಿಂಗಯ್ಯ ಮೊದಲನೆಯದನ್ನು ಬಾಗಿಲ ಬೆಳಕಿಗೆ ಹಿಡಿದ. "ಬೂಷ್ಟು ಐತೆ ಸಾಬ್ರೆ."

ಷರೀಫರು ತೆಗೆದುಕೊಂಡು ನೋಡಿದರು. ಅವರ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಎರಡನೆಯದನ್ನು ಕೊಟ್ಟರು.

"ಇದ್ರಾಗೂ ಐತೆ."

ಮೂರನೆಯದರಲ್ಲೂ ಇತ್ತು. ನಾಲ್ಕನೆಯದನ್ನು ಷರೀಫರು ಹೊಸ ಮಾಲಿನ ಪೆಟ್ಟಿಗೆಯಿಂದ ಬಿಚ್ಚಿ ಕೊಟ್ಟರು. ಅದರಲ್ಲೂ ಬಿಳಿಬಿಳಿಯಾಗಿ, ಹಾಲು ಕಲಸಿದ ನೀರಿನಂತೆ, ಬೂಷ್ಟು. ನಾಗಲಿಂಗಯ್ಯ ಗಾಜನ್ನು ಪಂಚೆಯ ತುದಿಯಿಂದ ಒರೆಸಿ ಮತ್ತೆ ನೋಡಿದ. ಬೂಷ್ಟು ಎಲ್ಲಿದೆ ಎಂದು ಅವನಿಗೆ ತಿಳಿಯದೇ ಏನಿರಲಿಲ್ಲ. ತಿಳಿದದ್ದನ್ನು ಒಪ್ಪಿಕೊಳ್ಳುವುದು ಬೇರೆ ಕೆಲಸ.

"ಎಡಗಣ್ಣಲ್ಲಿ ನೋಡಿ ಯಜಮಾನ್ರೆ," ಎಂದರು ಷರೀಫರು, ಬಹಳ ಮೆಲ್ಲಗೆ. ಎಡಗಣ್ಣಿಗೆ ಇಟ್ಟಾಗ ಎದುರಿನ ಬೇಕರಿಯ ಬೋರ್ಡು ಕಲಸಿಕೊಂಡೇ ಆದರೂ ಕಂಡಿತು. "ಇದು ಸಾಫ್ ಐತೆ," ಎಂದು ನಾಗಲಿಂಗಯ್ಯ ಗೆದ್ದವನ ಹಾಗೆ ಹೇಳಿದ. "ಇದನ್ನೇ ಕಟ್ಟಿ."

ಷರೀಫರು ಕಟ್ಟುತ್ತಾ, "ರೈಫಲ್ ಯಾವ್ದು?" ಎಂದು ಕೇಳಿದರು.

"ಇನ್ನೂ ತಗಂಡಿಲ್ಲ."

"ಮತ್ತೆ ಇದನ್ನ ಎಲ್ಲಿ ಕೂರಿಸ್ತೀರ?" ನಾಗಲಿಂಗಯ್ಯ ದುಡ್ಡು ಎಣಿಸತೊಡಗಿದ. ಷರೀಫರು ಕಟ್ಟುವುದನ್ನು ನಿಲ್ಲಿಸಿದರು. "ನೋಡಿ ಸ್ವಾಮಿ, ಹಳೇ ನಾಡ ಕೋವಿಗೆ ಮಾತ್ರ ಕಟ್ಬೇಡಿ. ಇದು ತೋರ್ಸೋದು ಒಂದು ಕಡೆ, ಅದು ಹೊಡೆಯೋದು ಇನ್ನೊಂದು ಕಡೆ. ಅಲ್ಲಾಹ್ ಕಾಪಾಡ್ಬೇಕು." ಆಮೇಲೆ ಪೊಟ್ಟಣ ಕೈಗಿಟ್ಟು ಹೇಳಿದರು, "ಬೇಡ ಅನ್ಸಿದ್ರೆ ವಾಪಸ್ ತನ್ನಿ. ನಾನು ಏನೂ ಕೇಳಲ್ಲ."

ಬಸ್ಸಿನಲ್ಲಿ ಬರುವಾಗ ಆ ಕೊನೆಯ ಮಾತೇ ಅವನನ್ನು ಹೆಚ್ಚು ಚುಚ್ಚಿತು. ಏನೂ ಕೇಳಲ್ಲ ಎನ್ನುವವನಿಗೆ ಎಲ್ಲ ಗೊತ್ತಿರುತ್ತದೆ.

ಮನೆಗೆ ಬಂದವನು ಮಾಡಿದ್ದು, ಷರೀಫರು ಏನು ಬೇಡ ಎಂದಿದ್ದರೋ ಅದನ್ನೇ. ಹಳೇ ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಸೀಳಿ, ದುರ್ಬೀನನ್ನು ಅಪ್ಪನ ಕೋವಿಯ ಬೆನ್ನಿಗೆ ಬಿಗಿಯಾಗಿ ಸುತ್ತಿದ. ರಾಜಲಕ್ಷ್ಮಮ್ಮ ಕಡ್ಲೆಬೀಜ ಬಿಡಿಸುತ್ತಾ ನೋಡುತ್ತಿದ್ದಳು.

"ಕೋವಿಗೂ ಕನ್ನಡಕ ಹಾಕ್ಸಿದ್ರಾ," ಎಂದಳು. "ಕೋವಿಗೆ ಹಾಕ್ಸೋ ಬದ್ಲು..." ಎಂದು ಶುರು ಮಾಡಿ, ಅಷ್ಟಕ್ಕೇ ನಿಲ್ಲಿಸಿ ಬೀಜದ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಅವತ್ತು ಸಂಜೆಯೇ ಅಟ್ಟಣೆ ಹತ್ತಿದ. ಸೂರ್ಯ ಗುಡ್ಡದ ಹಿಂದೆ ಇಳಿದಿದ್ದ, ಬೆಳಕು ಇನ್ನೂ ಇತ್ತು. ಕೋವಿಗೆ ಮದ್ದು ಜಡಿದು ಕೇಪು ಸಿಕ್ಕಿಸಿ ದುರ್ಬೀನಿಗೆ ಬಲಗಣ್ಣು ಇಟ್ಟ. ಎಡಗಣ್ಣಿಗೆ ಇಡಲು ನೋಡಿದರೆ ಕೋವಿ ಆ ಭುಜಕ್ಕೆ ಒಗ್ಗಲಿಲ್ಲ. ಆಯಸ್ಸೆಲ್ಲ ಬಲಗಡೆಯಿಂದ ಹೊಡೆದ ಕೈ. ಗುಬುಟು ತಿರುಗಿಸಿದ. ಗಿಡ ದೊಡ್ಡದಾಯಿತು, ಬಂಡೆ ದೊಡ್ಡದಾಯಿತು, ಜೊತೆಗೆ ಮಂಜೂ ಅಷ್ಟೇ ಪಟ್ಟು ದೊಡ್ಡದಾಯಿತು. ಆದರೂ ಏನೋ ಕಾಣುತ್ತಿದೆ ಎಂದು ಸಂತೋಷಪಟ್ಟ. ಅಷ್ಟು ಓಡಾಡಿ ತಂದ ವಸ್ತುವಿನಲ್ಲಿ ಏನೂ ಕಾಣುತ್ತಿಲ್ಲ ಎಂದು ಯಾವ ಮನುಷ್ಯ ತಾನೇ ಹೇಳಿಕೊಂಡಾನು.

ಲಕ್ಕಮ್ಮನ ಹೊಲದ ಮೂಲೆಯಲ್ಲಿ ಏನೋ ಅಲ್ಲಾಡಿತು.

ಗೆರೆಗಳು ಕೂಡುವ ಜಾಗಕ್ಕೆ ಅದನ್ನು ತಂದುಕೊಂಡ. ಕಂದು ಬಣ್ಣದ ಗುಂಡನೆಯ ಬೆನ್ನು. ಮೂತಿ ನೆಲದಲ್ಲಿ. ಮಣ್ಣು ಕೆದರುತ್ತಿದೆ, ಒಂದು ಹೆಜ್ಜೆ ಮುಂದೆ ಸರಿಯುತ್ತದೆ, ಮತ್ತೆ ಕೆದರುತ್ತದೆ. ಹಂದಿಯೇ. ಇನ್ನೇನು ಬೇಕು. ಕೂಗಬೇಕು ಎಂದು ನೆನಪಾಯಿತು, ಆದರೆ ಕೂಗುವುದು ಯಾಕೆ? ಕಾಣದ ಕಾಲಕ್ಕೆ ಕೂಗು. ಒಂಬತ್ತು ಪಟ್ಟು ಹತ್ತಿರ ಕಾಣುತ್ತಿರುವಾಗ ಕೂಗಿ ಓಡಿಸಿದರೆ ದುರ್ಬೀನು ತಂದದ್ದಾದರೂ ಯಾತಕ್ಕೆ. ಕೋವಿಯ ಕುದುರೆಯನ್ನು ಹಿಂದಕ್ಕೆಳೆದ. ಬೆರಳು ಟ್ರಿಗರಿಗೆ ಹೋಯಿತು. ಈ ಒಂದು ಹಂದಿ ಬಿದ್ದರೆ ಸಾಕು, ಊರು ಬಾಯಿ ಮುಚ್ಚುತ್ತದೆ, ಗೌರೀಶ ಬಾಯಿ ಮುಚ್ಚುತ್ತಾನೆ, ಹೋದ ವರ್ಷದ ಡ್ರಮ್ಮು ಮರೆತುಹೋಗುತ್ತದೆ.

ಡ್ರಮ್ಮು ಎಂದು ಮನಸ್ಸಿಗೆ ಬಂದದ್ದೇ ತಡ, ಅವನ ಅಪ್ಪಣೆ ಕೇಳದೆ ಗಂಟಲು ತೆರೆದುಕೊಂಡಿತು.

"ಹೊಲ್ದಾಗೆ ಯಾರ್ರೋ..."

"ನಾನು ಕಣಪ್ಪ, ಲಕ್ಕಮ್ಮ. ಉಳ್ದಿರೋ ಕಾಯಿ ಆಯ್ತಾ ಇವ್ನಿ."

ದನಿ ಅದೇ ಮೂಲೆಯಿಂದ ಬಂತು. ನಾಗಲಿಂಗಯ್ಯ ಕಣ್ಣನ್ನು ದುರ್ಬೀನಿನಿಂದ ತೆಗೆಯಲಿಲ್ಲ. ಅದರೊಳಗೆ ಹಂದಿ ಹಾಗೆಯೇ ಇತ್ತು; ಬೆನ್ನು, ಮೂತಿ, ಕೆದರುವುದು, ಎಲ್ಲ. ಕಣ್ಣು ಹಂದಿ ಎನ್ನುತ್ತಿತ್ತು, ಕಿವಿ ಲಕ್ಕಮ್ಮ ಎನ್ನುತ್ತಿತ್ತು. ಒಂದು ಕ್ಷಣ, ನಿಜವಾಗಿಯೂ ಒಂದು ಕ್ಷಣ, ಯಾವುದನ್ನು ನಂಬಬೇಕೆಂದು ಅವನಿಗೆ ತಿಳಿಯಲಿಲ್ಲ. ಲಕ್ಕಮ್ಮನ ಪಕ್ಕದಲ್ಲೇ ಹಂದಿಯೂ ಇದೆಯೇ? ದನಿ ಬೇರೆ ಕಡೆಯದೇ? ಅಷ್ಟರಲ್ಲಿ ಹಂದಿ ನೆಟ್ಟಗೆ ನಿಂತು, ಕಂದು ಸೀರೆಯ ಸೆರಗನ್ನು ಕೊಡವಿ ಸೊಂಟಕ್ಕೆ ಸಿಕ್ಕಿಸಿಕೊಂಡಿತು.

ನಾಗಲಿಂಗಯ್ಯ ದುರ್ಬೀನಿನಿಂದ ಕಣ್ಣು ತೆಗೆದ. ಮೊದಲು ಕುದುರೆಯನ್ನು ಹೆಬ್ಬೆರಳಿನಿಂದ ತಡೆದು ಮೆಲ್ಲಗೆ ಇಳಿಸಿದ. ಕೇಪನ್ನು ಕಿತ್ತ. ಅದು ಬೆರಳಿನಿಂದ ಜಾರಿ ಅಟ್ಟಣೆಯ ಸಂದಿಯಲ್ಲಿ ಕೆಳಗೆ ಬಿತ್ತು. ಅತ್ತ ಕಡೆ ಹೊಲಗಳಿಂದ ಇನ್ನುಳಿದವರ ದನಿಗಳು ಒಂದೊಂದಾಗಿ ಬರುತ್ತಿದ್ದವು, ನಾನು ಕಣಣ್ಣ, ನಾನು ಕಣ್ಮಾವ, ನಾವಿಬ್ರು ಇಲ್ಲಿದೀವಿ. ಎಲ್ಲರೂ ಜೋರಾಗಿ, ಗಂಟಲು ಬಿಚ್ಚಿ ಹೇಳುತ್ತಿದ್ದರು. ಇಷ್ಟು ಜೋರು ಯಾವಾಗಿನಿಂದ ಎಂದು ಅವನು ಇವತ್ತಿನವರೆಗೆ ಯೋಚಿಸಿರಲಿಲ್ಲ.

ಎಲ್ಲ ದನಿ ನಿಂತ ಮೇಲೆ ನಾಗಲಿಂಗಯ್ಯ ಮತ್ತೆ ಕೂಗಿದ. ಅಪ್ಪನ ಕಾಲದಿಂದ ಆ ಅಟ್ಟಣೆಯಿಂದ ಯಾರೂ ಕೂಗದ ಕೂಗು.

"ನಂಗೆ ಕಣ್ಣು ಕಾಣಲ್ಲ ಕಣ್ರೋ."

ಅವನಿಗೆ ನಾಚಿಕೆಯಾಯಿತು. ಇಳಿದು ಓಡಿಹೋಗೋಣವೆಂದರೆ ಏಣಿಯ ಮೆಟ್ಟಿಲೂ ಕಾಣುತ್ತಿರಲಿಲ್ಲ. ಆಮೇಲೆ ಲಕ್ಕಮ್ಮನ ದನಿ ಬಂತು, ಪಕ್ಕದ ಮನೆಯವಳು ಬೆಂಕಿಪೊಟ್ಟಣ ಕೇಳಿದರೆ ಹೇಗೋ ಹಾಗೆ.

"ಗೊತ್ತು ಕಣಪ್ಪ. ಡ್ರಮ್ಮು ತೂತಾದ ದಿನದಿಂದ ಗೊತ್ತು. ಅದ್ಕೇ ನಾವೆಲ್ಲ ಜೋರಾಗಿ ಓಗೊಡೋದು. ನಿನ್ ಹೆಂಡ್ತಿನೇ ಮನೆಮನೆಗೆ ಬಂದು ಹೇಳಿ ಹೋದ್ಲು."

ನಾಗಲಿಂಗಯ್ಯ ಅಟ್ಟಣೆಯ ಮೇಲೆ ಕೂತುಬಿಟ್ಟ.

"ನೀನು ಕೂಗ್ತಾ ಇರೋಗಂಟ ನಮ್ಗೇನ್ ಭಯ," ಎಂದಳು ಲಕ್ಕಮ್ಮ, ಹತ್ತಿರ ಬರುತ್ತಾ. "ಬೇರೆಯೋರಾದ್ರೆ ಕೂಗದೇನೂ ಹೊಡೀಬೌದು. ನೀನು ಅಂಗ್ ಮಾಡೋನಲ್ಲ."

ಅವಳಿಗೆ ಏನು ಹೇಳುವುದು? ಬೆರಳು ಎಲ್ಲಿತ್ತೆಂದು ಹೇಳುವುದೋ, ಬಿಡುವುದೋ? ನಾಗಲಿಂಗಯ್ಯ ಸೈಕಲ್ ಟ್ಯೂಬಿನ ಗಂಟನ್ನು ಬಿಚ್ಚಲು ನೋಡಿದ. ಅವನೇ ಬಿಗಿದ ಗಂಟು, ಸಿಗಲಿಲ್ಲ. ದುರ್ಬೀನಿನ ಸಮೇತ ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು, ಬಾಯನ್ನು ಆಕಾಶಕ್ಕೆ ತಿರುಗಿಸಿ, ಅಟ್ಟಣೆಯ ಮೂಲೆಗೆ ಒರಗಿಸಿದ.

"ಲಕ್ಕಕ್ಕ," ಎಂದ. "ಇವತ್ತು ನಾನು ಕೂಗ್ದೇನೇ ಹೊಡೀತಿದ್ದೆ. ನಿನ್ನ ಬೆನ್ನಿಗೆ ಗುರಿ ಇಟ್ಟಿದ್ದೆ."

ಕೆಳಗೆ ಹೆಜ್ಜೆ ಸದ್ದು ನಿಂತಿತು. ಅವಳ ಮುಖ ಹೇಗಾಗಿದೆ ಎಂದು ನೋಡಲು ನಾಗಲಿಂಗಯ್ಯ ಬಗ್ಗಿದ. ಕಂಡದ್ದು ಕಂದು ಬಣ್ಣದ ಒಂದು ಗುಪ್ಪೆ ಮಾತ್ರ.

"ಆದ್ರೆ ಕೂಗ್ದೆಯಲ್ಲ," ಎಂದಳು ಕೊನೆಗೆ. ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ. "ಕೋವಿ ಅಲ್ಲೇ ಇರ್ಲಿ, ಗೌರೀಶ ಬಂದು ಇಳಿಸ್ತಾನೆ. ನೀನು ಇಳಿ. ಬಲಗಾಲು ಮೊದ್ಲು. ಇಲ್ಲಿ ಐತೆ ನನ್ ಕೈ, ಹಿಡ್ಕೋ."

ಅವನು ಆ ಗುಪ್ಪೆಯ ಕಡೆಗೆ ಕೈ ಚಾಚಿದ. ಮಣ್ಣು ಮೆತ್ತಿದ ಕೈಯೊಂದು ಸಿಕ್ಕಿತು. ಅದನ್ನು ಹಿಡಿದು ಬಲಗಾಲನ್ನು ಮೊದಲು ಇಳಿಸಿದ.